ಹಳೆಯ ಅಂಬಾಸಿಡರ್‌ನ ಉದ್ದ ಸೀಟಿಗೆ ಹೊಸ ಹೊದಿಕೆ ಹಾಕುವ ಬಗೆ

ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಆ ಕಾರನ್ನು ಜತನದಿಂದ ಉಳಿಸಿಕೊಂಡವರು ಕಡಿಮೆಯೇನಿಲ್ಲ. ಎಂಜಿನ್ನಿಗೂ ಬಣ್ಣಕ್ಕೂ ಧಾರಾಳವಾಗಿ ಖರ್ಚು ಮಾಡುವ ಇವರಲ್ಲಿ ಹಲವರು, ಸೀಟಿನ ಸರದಿ ಬಂದಾಗ ಮಾತ್ರ ಹರಿದ ರೆಕ್ಸಿನ್ನಿನ ಮೇಲೆಯೇ ಹೊಸ ಗವಸೊಂದನ್ನು ತೊಡಿಸಿ ಕೈತೊಳೆದುಕೊಳ್ಳುತ್ತಾರೆ. ಹೊದಿಕೆ ಬಿಗಿಯಾಗಿ ಕೂರಬೇಕಾದರೆ ಅದರ ಅಡಿಯಲ್ಲಿರುವುದು ಮೊದಲು ನೆಟ್ಟಗಾಗಬೇಕು. ಈ ಕೆಲಸದ ಹೆಚ್ಚಿನ ಹೊತ್ತು ಕಳೆಯುವುದೂ ಅಲ್ಲಿಯೇ. ಸ್ಟಿಯರಿಂಗ್ ಕಂಬದಲ್ಲಿಯೇ ಗೇರ್ ಕೋಲು ಇದ್ದ ಮಾದರಿಗಳಲ್ಲಿ ಮುಂದೆ ಮೂವರು ಕೂರಬಹುದಾಗಿದ್ದ ಉದ್ದ ಸೀಟನ್ನು ಗಮನದಲ್ಲಿಟ್ಟು ಇಲ್ಲಿ ವಿವರಿಸಲಾಗಿದೆ.

ಸೀಟನ್ನು ಕಾರಿನೊಳಗೇ ಇಟ್ಟು ಈ ಕೆಲಸ ಮಾಡಲಾಗದು. ಸೀಟು ಹಿಂದೆ ಮುಂದೆ ಸರಿಯುವ ಹಳಿಗೆ ಬಿಗಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಅವಸರದಿಂದ ಸ್ಪ್ಯಾನರ್ ತಿರುಗಿಸಿದರೆ ಬೋಲ್ಟಿನ ತಲೆಯೇ ಮುರಿದು ಬರುತ್ತದೆ. ಬಿಚ್ಚುವ ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಹೊದಿಕೆಯ ಅಂಚನ್ನು ಚೌಕಟ್ಟಿಗೆ ಕಚ್ಚಿ ಹಿಡಿದಿರುವುದು ಹಾಗ್ ರಿಂಗ್ ಎನ್ನುವ ಚಿಕ್ಕ ತಂತಿಬಳೆಗಳು. ಅವುಗಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಬೇಕೇ ಹೊರತು ಬಟ್ಟೆಯನ್ನು ಹರಿಯಬಾರದು, ಏಕೆಂದರೆ ಹೊಸ ಹೊದಿಕೆಗೆ ಅಳತೆ ಸಿಗುವುದು ಹಳೆಯ ಹೊದಿಕೆಯಿಂದಲೇ. ಹೊಲಿಗೆ ಬಿಚ್ಚುವ ಮೊದಲು ಪ್ರತಿ ತುಂಡಿಗೂ ಸಂಖ್ಯೆ ಬರೆದು, ಮುಂದಿನ ದಿಕ್ಕಿಗೆ ಬಾಣ ಹಾಕಿ, ಎರಡು ತುಂಡುಗಳು ಕೂಡುವಲ್ಲಿ ಅಡ್ಡಗೆರೆ ಎಳೆಯಬೇಕು. ಹೊದಿಕೆಯ ಒಳಬದಿಯ ಕಿರುಚೀಲದಂಥ ಪಟ್ಟಿಗಳಲ್ಲಿ ಉದ್ದನೆಯ ಉಕ್ಕಿನ ತಂತಿಗಳಿರುತ್ತವೆ. ಅವನ್ನು ಗುಜರಿಗೆ ಎಸೆಯದೆ, ಹೊಸ ಹೊದಿಕೆಯಲ್ಲಿ ತೂರಿಸಲು ತೆಗೆದಿಡಿ. ಹತ್ತಾರು ವರ್ಷ ಜನ ಕೂತು ಹಿಗ್ಗಿದ ರೆಕ್ಸಿನ್ ತನ್ನ ಮೂಲ ಅಳತೆಗಿಂತ ದೊಡ್ಡದಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಎಡ ಬಲ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಚಾಲಕನ ಕಡೆಯದು ಎಷ್ಟು ಜಗ್ಗಿದೆಯೆಂದು ತಿಳಿಯುತ್ತದೆ; ಕಡಿಮೆ ಜಗ್ಗಿದ ತುಂಡನ್ನೇ ನಂಬುವುದು ಕ್ಷೇಮ.

ಈಗ ಒಳಗಿನ ಕೆಲಸ. ಸ್ಪ್ರಿಂಗುಗಳನ್ನು ಒಂದೊಂದಾಗಿ ಕೈಯಿಂದ ಒತ್ತಿ ನೋಡಿ, ಕುಸಿದಿರುವುದನ್ನು ಬದಲಿಸಿ, ಕಳಚಿಕೊಂಡಿರುವುದನ್ನು ಗಟ್ಟಿ ತಂತಿಯಿಂದ ಪಕ್ಕದ ಸ್ಪ್ರಿಂಗಿಗೆ ಕಟ್ಟಬೇಕು. ಚೌಕಟ್ಟಿನ ತುಕ್ಕನ್ನು ತಂತಿ ಬ್ರಷ್ಷು ಮತ್ತು ಎಮರಿ ಕಾಗದದಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಪೂರ್ತಿ ಒಣಗಲು ಬಿಡಬೇಕು. ಹಸಿಯಿರುವಾಗಲೇ ಮುಚ್ಚಿದರೆ ಕಲೆ ಮೇಲಕ್ಕೆ ಬರುತ್ತದೆ. ಸ್ಪ್ರಿಂಗಿನ ಮೇಲೆ ಹೊಸ ಗೋಣಿತಟ್ಟನ್ನು ಎರಡು ಪದರವಾಗಿ ಎಳೆದು ಕಟ್ಟುವುದು ಅತಿ ಮುಖ್ಯ. ಇದನ್ನು ಉಳಿತಾಯದ ನೆಪದಲ್ಲಿ ಬಿಟ್ಟವರ ಸೀಟಿನಲ್ಲಿ ಸ್ಪ್ರಿಂಗು ಸ್ಪಂಜನ್ನು ಗರಗಸದಂತೆ ಕೊಯ್ದು, ಕಡೆಗೆ ಕೂತವರಿಗೆ ಚುಚ್ಚತೊಡಗುತ್ತದೆ. ತೆಂಗಿನ ನಾರಿನ ಹಳೆಯ ಪ್ಯಾಡು ಪುಡಿಯಾಗದೆ ಉಳಿದಿದ್ದರೆ ಅದನ್ನೇ ಬಿಸಿಲಿಗೆ ಹಾಕಿ, ಕೊಡವಿ ಬಳಸಬಹುದು. ಗಾಳಿಯಾಡುವ ಗುಣದಲ್ಲಿ ಅದು ಸ್ಪಂಜಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಪುಡಿಯಾಗಿದ್ದರೆ ಅಂಗಡಿಯಲ್ಲಿ 40 ಡೆನ್ಸಿಟಿ ಎಂದು ಕೇಳಿ ಸ್ಪಂಜು ತಂದು, ಅದರ ಮೇಲೆ 12 ಮಿಲಿಮೀಟರಿನ ಮೆತ್ತನೆಯ ಹಾಳೆಯೊಂದನ್ನು ಅಂಟಿಸಿ, ಹೊದಿಕೆಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಬೇಕು. ಆ ಒತ್ತಡವೇ ಹೊದಿಕೆಯನ್ನು ಸುಕ್ಕಿಲ್ಲದಂತೆ ತುಂಬಿ ನಿಲ್ಲಿಸುತ್ತದೆ.

ಹೊಲಿಗೆಯನ್ನು ಕುಷನ್ ಕೆಲಸದವರಿಗೆ ಒಪ್ಪಿಸುವುದೇ ಲೇಸು. ಮನೆಯ ಮಿಷನ್ನಿಗೆ ಪೈಪಿಂಗ್ (ಹೊಲಿಗೆಯ ಅಂಚಿನುದ್ದಕ್ಕೂ ಕೂರುವ ಉಬ್ಬು ಪಟ್ಟಿ) ಸಮೇತ ನಾಲ್ಕು ಪದರ ರೆಕ್ಸಿನ್ ದಾಟುವ ಶಕ್ತಿಯಿರದು. ಆದರೆ ಎರಡು ಮಾತುಗಳನ್ನು ಅವರಿಗೆ ಹೇಳಿಬಿಡಿ. ಹತ್ತಿಯ ದಾರ ಬೆವರಿಗೆ ಮತ್ತು ತೇವಕ್ಕೆ ಕೊಳೆಯುವುದರಿಂದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಇರಲಿ. ಹೊಲಿಗೆ ತೀರಾ ಒತ್ತಾಗಿರದೆ ಒಂದೊಂದೂ ಸುಮಾರು 4 ಮಿಲಿಮೀಟರ್ ಇರಲಿ. ಒತ್ತಾಗಿ ಹೊಲಿದ ರೆಕ್ಸಿನ್, ತೂತಿನ ಸಾಲಿನಲ್ಲಿ ಅಂಚೆಚೀಟಿಯಂತೆ ಹರಿಯುತ್ತದೆ. ಬೆಂಗಳೂರಿನವರಿಗೆ ಇಂಥ ಸಾಮಾನುಗಳಿಗಾಗಿ ಜೆ.ಸಿ. ರಸ್ತೆಯನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ.

ತೊಡಿಸುವ ದಿನ ಬಿಸಿಲು ಇರಬೇಕು. ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿನಲ್ಲಿ ಹರಡಿದರೆ ರೆಕ್ಸಿನ್ ಮೆತ್ತಗಾಗಿ ಕೈಮಾತು ಕೇಳುತ್ತದೆ. ಸ್ಪಂಜಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಒಳಮುಖವಾಗಿ ಮಡಚಿದ ಹೊದಿಕೆಯನ್ನು ಕಾಲ್ಚೀಲ ಏರಿಸುವಂತೆ ಮುಂದಿನ ಅಂಚಿನಿಂದ ಬಿಚ್ಚುತ್ತಾ ಹೋಗಬೇಕು. ಹೊದಿಕೆ ಸ್ಥಳಕ್ಕೆ ಜಾರಿದ ಮೇಲೆ ಆ ಹಾಳೆಯನ್ನು ಎಳೆದು ತೆಗೆಯಬೇಕು. ನಡುಹೊಲಿಗೆಗಳಿದ್ದರೆ ಅವುಗಳ ತಂತಿಯನ್ನು ಮೊದಲು ಕೆಳಗಿನ ಚೌಕಟ್ಟಿಗೆ ಬಿಗಿಯಬೇಕು. ಆಮೇಲೆ ಮುಂದಿನ ಅಂಚಿನ ನಟ್ಟನಡುವೆ ಒಂದು ರಿಂಗು, ಅದಕ್ಕೆ ಎದುರಾಗಿ ಹಿಂದಿನ ಅಂಚಿನ ನಡುವೆ ಇನ್ನೊಂದು; ಬಳಿಕ ಎಡಕ್ಕೊಂದು ಬಲಕ್ಕೊಂದರಂತೆ, ಸುಮಾರು 5 ಸೆಂಟಿಮೀಟರ್ ಅಂತರ ಬಿಟ್ಟು, ಮೂಲೆಗಳ ಕಡೆಗೆ ಸಾಗಬೇಕು. ಮೊದಲ ಸಲ ನಾನು ಒಂದು ಮೂಲೆಯಿಂದ ಶುರುಮಾಡಿ ಇನ್ನೊಂದು ಮೂಲೆಗೆ ತಲುಪುವಷ್ಟರಲ್ಲಿ ಪೈಪಿಂಗ್ ಮೂರು ಬೆರಳಿನಷ್ಟು ಓರೆಯಾಗಿತ್ತು. ಹಾಕಿದ ರಿಂಗುಗಳನ್ನೆಲ್ಲ ಕತ್ತರಿಸಿ ಮತ್ತೆ ಮೊದಲಿನಿಂದ ಕೂರಬೇಕಾಯಿತು. ಮೂಲೆಯಲ್ಲಿ ಉಳಿದ ಬಟ್ಟೆಯನ್ನು ಒಂದೇ ದಪ್ಪ ಮಡಿಕೆಯಾಗಿ ತುರುಕದೆ, ಎರಡು ಮೂರು ಸಣ್ಣ ನೆರಿಗೆಗಳಾಗಿ ಹಂಚಿ ಅಡಿಗೆ ಸೇರಿಸಬೇಕು. ಎಲ್ಲ ಕಡೆ ಸರಿಯಾಗಿದೆಯೆಂದು ಖಚಿತವಾಗುವವರೆಗೆ ಅಂಚನ್ನು ಕತ್ತರಿಸಬೇಡಿ.

ಉಳಿದ ಸಣ್ಣ ಸುಕ್ಕುಗಳಿಗೆ ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸಾಕು. ಅದನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಾ, ಅಂಗೈಯಿಂದ ಅಂಚಿನ ಕಡೆಗೆ ಸವರಬೇಕು. ಹೆಚ್ಚು ಕಾದ ರೆಕ್ಸಿನ್ ಹೊಳಪುಗಟ್ಟಿ, ಅದರ ಮೇಲಿನ ಚರ್ಮದಂಥ ಗೆರೆಗಳು ಅಳಿಸಿಹೋಗುತ್ತವೆ. ಸೀಟನ್ನು ಹಳಿಯ ಮೇಲೆ ಕೂರಿಸಿ ಹಿಂದೆ ಮುಂದೆ ಸರಿಸಿದಾಗ ರಿಂಗಿನ ತುದಿ ಎಲ್ಲಿಯೂ ತಾಗದಿದ್ದರೆ ಬೋಲ್ಟುಗಳನ್ನು ಪೂರ್ತಿ ಬಿಗಿಯಬಹುದು. ಉಳಿದ ರೆಕ್ಸಿನ್ ತುಂಡುಗಳನ್ನು ಮಡಚದೆ ಸುರುಳಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಮುಂದೆ ಬಾಗಿಲಿನ ಪ್ಯಾಡು ಹರಿದಾಗ ಅಂಗಡಿಯಲ್ಲಿ ಅದೇ ಬಣ್ಣ ಸಿಕ್ಕರೂ ಅದೇ ಛಾಯೆ ಸಿಗುವುದು ಅಪರೂಪ.