ಕುತ್ತಿಗೆಯ ನಾಳ ನೋಡಿ ಗುಳಿಗೆ ಬರೆದದ್ದು

ಶಿರಸಿಯಲ್ಲಿ ಫಿಸಿಶಿಯನ್ ಆಗಿ ಕೂತವನಿಗೆ ದಿನವೂ ಎದುರಾಗುವ ಪ್ರಶ್ನೆ: "ನಾನು ಆರಾಮ ಇದ್ದೇನಲ್ಲ ಡಾಕ್ಟರೇ, ಗುಳಿಗೆ ಎಂತಕ್ಕೆ?" ಹಾಗೆ ಕೇಳಿದವರಲ್ಲಿ ಒಬ್ಬರು 52 ವರ್ಷದ ಅಡಿಕೆ ತೋಟದವರು. ಗಟ್ಟಿ ಆಳು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 148, ಬಿಪಿ ಗಡಿಯಲ್ಲಿ, ಸಕ್ಕರೆ ಕಾಯಿಲೆ ಇಲ್ಲ. ತಂಬಾಕು ಹಾಕಿದ ಕವಳ ಮಾತ್ರ ಬಾಯಿಂದ ಇಳಿಯುವುದಿಲ್ಲ. ಅವರ ಅಣ್ಣ ಎದೆನೋವೆಂದು ಹುಬ್ಬಳ್ಳಿಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡಿದ್ದರು. ಕೊಲೆಸ್ಟರಾಲ್ ಇಳಿಸುವ ಗುಳಿಗೆ ಸ್ಟಾಟಿನ್ ಶುರು ಮಾಡಬೇಕೋ, ಸ್ವಲ್ಪ ಕಾಯಬೇಕೋ? ಹೃದಯಾಘಾತದ ಅಪಾಯ ಲೆಕ್ಕ ಹಾಕುವ ಕೋಷ್ಟಕ ಇಂಥವರನ್ನು ಹೆಚ್ಚು, ಕಡಿಮೆ ಎರಡರ ನಡುವೆ ತಂದು ನಿಲ್ಲಿಸುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳವನ್ನು ನೋಡುವ ಕ್ಯಾರೋಟಿಡ್ ಅಲ್ಟ್ರಾಸೌಂಡನ್ನು ನಾನು ಮಾಡಿಸಲು ತೊಡಗಿದ್ದು ಈ ನಡುವಿನವರಿಗಾಗಿ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಹೇಗೂ ಸ್ಟಾಟಿನ್ ಬೇಕು, ಎದೆ ಹಿಡಿದುಕೊಂಡು ಬಂದವರಿಗೆ ಮೊದಲು ಇಸಿಜಿ. ಅವರ ಕುತ್ತಿಗೆ ನೋಡುತ್ತ ಕೂರುವುದಿಲ್ಲ.

ಕುತ್ತಿಗೆಯನ್ನಷ್ಟೇ ನೋಡುತ್ತೇನೆಂದರೂ ಯಂತ್ರಕ್ಕೆ ಪಿಸಿಪಿಎನ್‌ಡಿಟಿ, ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ, ನೋಂದಣಿ ಬೇಕು. ಹಾಗಾಗಿ ಸ್ವಂತ ಯಂತ್ರ ಕೊಳ್ಳಲಿಲ್ಲ. ಊರಿನ ರೇಡಿಯಾಲಜಿಸ್ಟ್ ಒಬ್ಬರು ಚರ್ಮದ ಮೇಲೆ ಆಡಿಸುವ ಪ್ರೋಬ್ ಹಿಡಿಯುತ್ತಾರೆ, ಬಿಡುವಾದಾಗ ನಾನು ಪಕ್ಕದಲ್ಲಿರುತ್ತೇನೆ.

ಪ್ರೋಬ್ ಮೊದಲು ಅಡ್ಡಕ್ಕೆ, ಕೊರಳೆಲುಬಿನಿಂದ ದವಡೆಯ ಮೂಲೆಯವರೆಗೆ. ಆಮೇಲೆ ಅದೇ ದಾರಿಯಲ್ಲಿ ಉದ್ದಕ್ಕೆ. ನಾಳ ಎರಡಾಗಿ ಒಡೆಯುವ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ರಕ್ತ ನೇರ ಹರಿಯದೆ ಸುಳಿ ಸುತ್ತುತ್ತದೆ, ಪ್ಲಾಕ್ ಎಂಬ ಜಿಡ್ಡಿನ ಉಬ್ಬು ಬೆಳೆಯುವುದೂ ಹೆಚ್ಚಾಗಿ ಅಲ್ಲೇ. ಓರೆಯಾಗಿ ಹಿಡಿದರೆ ಸರಿಯಾದ ಗೋಡೆಯೂ ದಪ್ಪ ಕಾಣುತ್ತದೆ. ಅಡ್ಡ, ಉದ್ದ ಎರಡರಲ್ಲೂ ಕಾಣದಿದ್ದರೆ ಅದನ್ನು ಪ್ಲಾಕ್ ಎಂದು ಬರೆಯುವುದಿಲ್ಲ.

ಆರಂಭದಲ್ಲಿ ನಾನು ನಾಳದ ಗೋಡೆಯ ದಪ್ಪವನ್ನೇ ಅಳೆಸುತ್ತಿದ್ದೆ. 0.7, 0.8 ಮಿಲಿಮೀಟರ್. ಆರು ತಿಂಗಳ ನಂತರ 0.1 ಹೆಚ್ಚಾಯಿತೆಂದು ರೋಗಿಗಳನ್ನು ಹೆದರಿಸಿದ್ದೂ ಇದೆ. ಅಷ್ಟು ವ್ಯತ್ಯಾಸ ಪ್ರೋಬ್ ಹಿಡಿದ ಕೈಯ ಬದಲಾವಣೆಯಿಂದಲೇ ಬರುತ್ತದೆ. ಬರೀ ದಪ್ಪ ಅಳೆದು ಅಪಾಯ ನಿರ್ಧರಿಸುವುದು ಬೇಡವೆಂದು 2013ರಲ್ಲೇ ಅಮೆರಿಕದ ಹೃದ್ರೋಗ ಮಾರ್ಗಸೂಚಿ ಹೇಳಿತ್ತು. ಈಗ ನಾನು ಕೇಳುವುದು ಪ್ಲಾಕ್ ಇದೆಯೋ ಇಲ್ಲವೋ ಎಂದು. ಗೋಡೆ ಒಂದೆಡೆ 1.5 ಮಿಲಿಮೀಟರ್ ದಾಟಿದ್ದರೆ, ಅಥವಾ ನಾಳದೊಳಕ್ಕೆ ಕನಿಷ್ಠ 0.5 ಮಿಲಿಮೀಟರ್ ಉಬ್ಬಿದ್ದರೆ, ಇದೆ.

ತೋಟದವರ ಬಲಗಡೆ ನಾಳದಲ್ಲಿ ಅಂಥ ಉಬ್ಬು ಇತ್ತು. ಪರದೆಯನ್ನು ಅವರ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದೆವು. ತುಂಬ ಹೊತ್ತು ನೋಡಿದರು. "ಹನಿ ನೀರಾವರಿ ಪೈಪಿನೊಳಗೆ ಕೆಸರು ಕೂತ ಹಾಗೆ ಉಂಟಲ್ಲ" ಅಂದರು. ಕೆಸರು ಪೈಪಿನೊಳಗೆ ಕೂರುತ್ತದೆ, ಇದು ಗೋಡೆಯ ಒಳಗೇ ಬೆಳೆಯುತ್ತದೆ ಎಂದು ತಿದ್ದಿದೆ. ಅಣ್ಣನಿಗೂ ಹೀಗೇ ಇತ್ತಾ ಎಂದು ಕೇಳಿದರು. ಅವರನ್ನು ನೋಡಿಲ್ಲ, ಹೇಳಲಾರೆ ಅಂದೆ. ಅಂದೇ ಸ್ಟಾಟಿನ್ ಶುರುವಾಯಿತು. ಮೂರು ತಿಂಗಳಿಗೆ ಎಲ್‌ಡಿಎಲ್ 76. ತಂಬಾಕು ಬಿಡಲು ಒಂದು ವರ್ಷ ಬೇಕಾಯಿತು.

ಕಂಡದ್ದು ಮನಸ್ಸಿಗೆ ಹೋಗುತ್ತದೆಂಬುದಕ್ಕೆ ನನ್ನ ಕೋಣೆಯ ಅನುಭವವಷ್ಟೇ ಆಧಾರವಲ್ಲ. ಉತ್ತರ ಸ್ವೀಡನ್ನಿನ ವಿಪ್‌ವಿಜಾ ಅಧ್ಯಯನದಲ್ಲಿ ಸುಮಾರು 3,500 ಜನರ ಕ್ಯಾರೋಟಿಡ್ ಪರೀಕ್ಷೆ ಮಾಡಿ, ಅರ್ಧದಷ್ಟು ಜನರಿಗೂ ಅವರ ವೈದ್ಯರಿಗೂ ಫಲಿತಾಂಶವನ್ನು ಚಿತ್ರದಲ್ಲಿ ತೋರಿಸಿದರು. ವರ್ಷದ ನಂತರ ಚಿತ್ರ ಕಂಡವರ ಹೃದಯಾಪಾಯದ ಅಂಕ ಉಳಿದವರಿಗಿಂತ ಕಡಿಮೆ ಇತ್ತು. 2019ರಲ್ಲಿ ಪ್ರಕಟವಾದದ್ದು.

ಗುಳಿಗೆ ತೆಗೆದುಕೊಳ್ಳುವವರಿಗೆ ಮತ್ತೆ ಮತ್ತೆ ಸ್ಕ್ಯಾನ್ ಬರೆಯುವುದಿಲ್ಲ. ನೋಡುವುದು ಎಲ್‌ಡಿಎಲ್ ಮತ್ತು ಬಿಪಿ.

ಒಂದು ತಪ್ಪು ಮರೆಯಲಾಗದು. ಘಟ್ಟದ ಕೆಳಗಿನಿಂದ ಬಂದ ಮೀನುಗಾರರೊಬ್ಬರು, 44 ವರ್ಷ, ದಿನಕ್ಕೆ ಎರಡು ಕಟ್ಟು ಬೀಡಿ. "ಕುತ್ತಿಗೆ ಸ್ವಚ್ಛ ಇದೆ" ಎಂದುಬಿಟ್ಟೆ. ಖುಷಿಯಾಗಿ ದೇವಿಮನೆ ಘಟ್ಟ ಇಳಿದು ಹೋದರು, ಬೀಡಿಯನ್ನೂ ಬಿಡಲಿಲ್ಲ. ಎಂಟು ತಿಂಗಳಿಗೆ ಹೃದಯಾಘಾತ. ಬದುಕಿದರು, ಆದರೆ ದೋಣಿ ಎಳೆಯುವ ಕೆಲಸ ಮುಗಿಯಿತು. ಕುತ್ತಿಗೆಯಲ್ಲಿ ಇಲ್ಲದ ಪ್ಲಾಕ್ ತೊಡೆಸಂದಿಯ ನಾಳದಲ್ಲಿರಬಹುದು, ಹೃದಯದ ನಾಳದಲ್ಲೂ ಇರಬಹುದು. ಇದು ಗೊತ್ತಿದ್ದೂ ನಾನು ಅವರಿಗೆ ಹೇಳಿರಲಿಲ್ಲ.

ಈಗ ಏನೂ ಕಾಣದಿದ್ದಾಗ ಚೀಟಿಯಲ್ಲಿ ಕನ್ನಡದಲ್ಲೇ ಬರೆದು, ಜೊತೆಗೆ ಬಂದ ಹೆಂಡತಿಯ ಎದುರೋ ಮಗನ ಎದುರೋ ಓದಿ ಹೇಳುತ್ತೇನೆ: "ಕುತ್ತಿಗೆಯ ನಾಳದಲ್ಲಿ ಇವತ್ತು ಪ್ಲಾಕ್ ಕಾಣಲಿಲ್ಲ. ಹೃದಯದ ನಾಳ ನೋಡಿಲ್ಲ. ಬೀಡಿ ಬಿಡಬೇಕು."