ಓವರ್‌ಡ್ರೈವ್ ಒತ್ತಿದರೆ ಬೇಸ್ ಮಾಯ: ಸರಿಹೋಗಿದ್ದು ಹೀಗೆ

ಬೇಸ್ ಗಿಟಾರನ್ನು ಒಬ್ಬನೇ ನುಡಿಸುವಾಗ ಓವರ್‌ಡ್ರೈವ್ ಪೆಡಲ್ (ಸದ್ದನ್ನು ಒರಟು ಮಾಡುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಸೊಗಸಾಗಿಯೇ ಕೇಳುತ್ತಿತ್ತು. ಡ್ರಮ್ಸ್ ಸೇರಿತೋ, ಬೇಸ್ ಗಿಟಾರ್ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಂಪ್ಲಿಫೈಯರ್‌ನ ಬೇಸ್ (ತಗ್ಗಿನ ಸದ್ದಿನ) ನಾಬ್ ತಿರುಗಿಸಿದರೆ ಬರೀ ಗುಂಯ್ ಅನ್ನೋದು ಜಾಸ್ತಿ ಆಯಿತು, ಅಷ್ಟೇ.

ಕಾರಣ ಪೆಡಲ್ ಒಳಗೇ ಇತ್ತು. ಗಿಟಾರ್‌ಗೆಂದು ಮಾಡಿದ ಎಷ್ಟೋ ಓವರ್‌ಡ್ರೈವ್‌ಗಳು ಸದ್ದನ್ನು ಒರಟು ಮಾಡುವ ಮೊದಲೇ ತಗ್ಗಿನ ಭಾಗವನ್ನು ಸೋಸಿಬಿಡುತ್ತವೆ. ಗಿಟಾರ್‌ಗೆ ಅದು ಒಳ್ಳೆಯದೇ. ಆದರೆ ಅದರ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಬೇಸ್‌ನದು 41. ನಮ್ಮ ಬುಡವೇ ಹೋಗುತ್ತದೆ, ಅಲ್ವಾ?

ಪೆಡಲ್ ಬದಲಿಸಲಿಲ್ಲ. ಬ್ಲೆಂಡರ್ ಪೆಡಲ್ ಒಂದನ್ನು ಹಾಕಿ, ಓವರ್‌ಡ್ರೈವ್ ಜೊತೆಗೆ ಕ್ಲೀನ್ (ಒರಟಾಗದ ಮೂಲ) ಸದ್ದನ್ನೂ ಬೆರೆಸಿದೆ. ಮೊದಲು ಇನ್ನೂ ತೆಳ್ಳಗಾಯಿತು! ಓವರ್‌ಡ್ರೈವ್ ಫೇಸ್ ತಿರುಗಿಸುತ್ತಿತ್ತು, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡುತ್ತಿತ್ತು; ಹಾಗಾಗಿ ಎರಡೂ ಸದ್ದು ಒಂದನ್ನೊಂದು ಅಳಿಸುತ್ತಿದ್ದವು. ಬ್ಲೆಂಡರ್‌ನ ಫೇಸ್ ಸ್ವಿಚ್ ಒತ್ತಿದ ಕೂಡಲೇ ಬುಡ ವಾಪಸ್ ಬಂತು. ಈಗ ಪೆಡಲ್ ಕೊಳ್ಳುವಾಗ ಬ್ಲೆಂಡ್ ನಾಬ್ ಇದೆಯಾ ಅಂತಲೇ ಮೊದಲು ನೋಡುತ್ತೇನೆ.