ಔಟ್‌ಲೈನೇ ಇಲ್ದೆ ಹುಡುಗೀನ ಬರೆದಿದ್ದು: ಕೋಲ್ಸ್ ಫಿಲಿಪ್ಸ್ ಥರ ಫೇಡ್‌ಅವೇ, ನನ್ನ ಅನುಭವ

ಹಳೇ ಅಮೆರಿಕನ್ ಮ್ಯಾಗಜೀನ್ ಕವರ್ ಅಂದ್ರೆ ಎಲ್ರೂ ಲೆಯೆಂಡೆಕರ್ ಹೆಸ್ರು ಹೇಳ್ತಾರೆ, ಹೇಳ್ಲೇಬೇಕು ಬಿಡಿ, ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್‌ಗೆ 300ಕ್ಕೂ ಹೆಚ್ಚು ಕವರ್ ಮಾಡಿದ ಮನುಷ್ಯ. ಆದ್ರೆ ನನ್ನ ಕೈ ತುರಿಸಿದ್ದು ಅದೇ ಕಾಲದ ಇನ್ನೊಬ್ಬ ಅಮೆರಿಕನ್ ಚಿತ್ರಕಾರ ಕೋಲ್ಸ್ ಫಿಲಿಪ್ಸ್ ಕೆಲ್ಸ ನೋಡಿ. 1908ರಲ್ಲಿ ಲೈಫ್ ಪತ್ರಿಕೆ ಕವರ್‌ಗೆ ಅವ್ರು ಒಂದು ಐಡಿಯಾ ಮಾಡಿದ್ರು (ಫೋಟೋಗಳ ಲೈಫ್ ಬಂದಿದ್ದು 1936ರಲ್ಲಿ, ಇದು ಅದಕ್ಕೂ ಮುಂಚೆ ಅದೇ ಹೆಸರಲ್ಲಿದ್ದ ಹಾಸ್ಯಪತ್ರಿಕೆ): ಹುಡುಗಿ ಹಾಕ್ಕೊಂಡಿರೋ ಬಟ್ಟೆಗೂ ಹಿನ್ನೆಲೆಗೂ ಒಂದೇ ಬಣ್ಣ, ನಡುವೆ ಗೆರೆನೇ ಇಲ್ಲ, ಆದ್ರೂ ಮೈ ಪೂರ್ತಿ ಇದ್ದಂಗೆ ಕಾಣ್ಸತ್ತೆ, ಇದಕ್ಕೇ ಫೇಡ್‌ಅವೇ ಅನ್ನೋದು. ಬರೀ ಒಂದೆರಡು ಬಣ್ಣದಲ್ಲೇ ಜೋರಾಗಿ ಕಾಣೋ ಕವರ್ ಆಗ್ತಿತ್ತು, ಪತ್ರಿಕೆಗೆ ಪ್ರಿಂಟಿಂಗ್ ಖರ್ಚೂ ಉಳೀತಿತ್ತು.

ನೋಡಿದ್ರೆ ಸುಲಭ ಅನ್ಸತ್ತೆ, ಗೆರೆ ಅಳಿಸಿಬಿಟ್ರೆ ಆಯ್ತಲ್ಲ ಅಂತ. ಆದ್ರೆ ಕಾಣಿಸ್ದೇ ಇರೋ ಭಾಗನೂ ಪೂರ್ತಿ ಡ್ರಾಯಿಂಗ್ ಆಗಿರ್ಬೇಕು, ಇಲ್ಲಾಂದ್ರೆ ತಲೆ ಒಂದು ಕಡೆ ಶೂ ಇನ್ನೊಂದು ಕಡೆ ತೇಲ್ತಾ ಇರತ್ತೆ. ಅದಕ್ಕೇ ನಾನು ನಮ್ಮಕ್ಕನ ಮಗಳನ್ನ ಕುರ್ಚಿ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂರಿಸಿ ("ಮಾಮ, ಇನ್ನೂ ಎಷ್ಟೊತ್ತು?" ಅಂತ ಅವಳ ಗೋಳು ಬೇರೆ), ಸೊಂಟ, ಬೆನ್ನು, ಬಟ್ಟೆ ಒಳಗಿರೋ ಮಂಡಿ ಎಲ್ಲಾ ಪೆನ್ಸಿಲ್‌ನಲ್ಲಿ ಬಿಡದೆ ಬರ್ಕೊಂಡೆ. ಉದ್ದ ಸ್ಕರ್ಟು, ಅಗಲ ಹ್ಯಾಟು ಮಾತ್ರ ಆಮೇಲೆ ಆ ಕಾಲದ ಫೋಟೋಗಳನ್ನ ನೋಡಿ ಸೇರಿಸಿದ್ದು.

ಯಾವ ಅಂಚು ಬಿಡ್ಬೇಕು, ಯಾವ್ದು ಇಟ್ಕೋಬೇಕು ಅನ್ನೋದೇ ಅಸ್ಲಿ ಕೆಲ್ಸ. ಬೆನ್ನಿನ ಥರ ಉದ್ದಕ್ಕೆ ಸಲೀಸಾಗಿ ಹೋಗೋ ಗೆರೆ ಧೈರ್ಯವಾಗಿ ಬಿಡ್ಬಹುದು, ಭುಜ ಮತ್ತೆ ಸೊಂಟ ಎರಡು ಕಡೆ ಗುರುತು ಸಿಕ್ರೆ ಸಾಕು, ಮಧ್ಯದ್ದನ್ನ ಕಣ್ಣೇ ಎಳ್ಕೊಳತ್ತೆ. ಮೊಣಕೈ, ಮಂಡಿ ಥರ ತಿರುಗೋ ಜಾಗದಲ್ಲಿ ಹಂಗಾಗಲ್ಲ, ಅಲ್ಲೊಂದು ಮಡಿಕೆ ನೆರಳೋ, ಬಟನ್ನೋ, ಬೆಲ್ಟೋ ಇರ್ಲೇಬೇಕು. ಬಟ್ಟೇಲಿ ಪಟ್ಟೆ ಇದ್ರಂತೂ ಹಬ್ಬ, ಪಟ್ಟೆ ಎಲ್ಲಿ ನಿಲ್ಲತ್ತೋ ಅಲ್ಲೇ ಮೈ ಅಂಚು ಅಂತ ಗೊತ್ತಾಗಿಬಿಡತ್ತೆ, ಆದ್ರೆ ಆ ಪಟ್ಟೆ ಮೈ ಉಬ್ಬುತಗ್ಗಿನ ಜೊತೆ ಬಾಗ್ಬೇಕು, ಸ್ಕೇಲ್ ಇಟ್ಟು ಎಳೆದ್ರೆ ಗೋಡೆಗೆ ವಾಲ್‌ಪೇಪರ್ ಅಂಟಿಸಿದಂಗಾಗತ್ತೆ.

ಫಿಲಿಪ್ಸ್ ವಾಟರ್‌ಕಲರ್‌ನಲ್ಲಿ ಮಾಡ್ತಿದ್ರು, ನಾನು ಗ್ವಾಶ್ (ನೀರಲ್ಲಿ ಕಲಸೋ, ಆದ್ರೆ ಕೆಳಗಿನದ್ದು ಕಾಣದಂಗೆ ಮುಚ್ಚೋ ಬಣ್ಣ) ತಗೊಂಡೆ, ಸಮತಟ್ಟಾದ ಬಣ್ಣ ನಂಗೆ ಅದ್ರಲ್ಲೇ ಸಲೀಸು. ಹಿನ್ನೆಲೆಗೂ ಬಟ್ಟೆಗೂ ಒಂದೇ ಬಟ್ಟಲಲ್ಲಿ ಕಲಸಿದ ಬಣ್ಣ, ಅದೂ ಬೇಕಾದ್ದಕ್ಕಿಂತ ಜಾಸ್ತಿನೇ ಕಲಸಿಟ್ಕೊಳಿ, ಎರಡನೇ ಸಲ ಕಲಸಿದ್ದು ಅದೇ ಬಣ್ಣ ಬರೋದು ಭಾರೀ ಕಷ್ಟ. ಗ್ವಾಶ್ ಒಣಗಿದ್ಮೇಲೆ ಬಣ್ಣ ಬದಲಾಗತ್ತೆ, ತಿಳಿ ಬಣ್ಣ ಸ್ವಲ್ಪ ಗಾಢ ಆಗತ್ತೆ, ಗಾಢ ಇದ್ದಿದ್ದು ತಿಳಿ ಆಗತ್ತೆ, ಅದಕ್ಕೆ ಮೊದ್ಲು ಅದೇ ಪೇಪರ್ ಚೂರಿನ ಮೇಲೆ ಒಣಗಿಸಿ ನೋಡ್ಕೊಳಿ. ಮುಖ, ಕೈ, ಶೂ ಬಿಟ್ಟು ಉಳಿದಿದ್ದೆಲ್ಲಾ ಅಗಲ ಬ್ರಷ್‌ನಲ್ಲಿ ಒಂದೇ ಏಟಿಗೆ ತುಂಬಿಸಿ, ಒಣಗಿದ್ಮೇಲೆ ಮಡಿಕೆಗಳನ್ನ ಅದೇ ಬಣ್ಣಕ್ಕೆ ಒಂಚೂರು ಗಾಢ ಸೇರಿಸಿ ಹಾಕ್ದೆ. ಬಟ್ಟಲಲ್ಲಿ ಉಳಿದ ಬಣ್ಣ ಒಣಗೋದ್ರೊಳಗೆ ಇದೂ ಮುಗೀಬೇಕು.

ಮುಖ ಮಾತ್ರ ನಾನು ಅವರ ಥರ ಮಾಡ್ಲಿಲ್ಲ. ನಿಜ ಹೇಳ್ಬೇಕಂದ್ರೆ ಅವರ ಹುಡುಗಿಯರ ಮುಖ ಸುಮಾರು ಸಲ ಬೊಂಬೆ ಥರ ಇರತ್ತೆ, ಬುದ್ಧಿ ಎಲ್ಲಾ ಬಟ್ಟೇಲೇ ಇರೋದು. ಹೋಲ್‌ಪ್ರೂಫ್ ಅನ್ನೋ ಕಂಪನಿಯ ಸ್ಟಾಕಿಂಗ್ (ಉದ್ದ ಕಾಲುಚೀಲ) ಜಾಹೀರಾತಿಗೆ ಫಿಲಿಪ್ಸ್‌ರನ್ನೇ ಯಾಕೆ ಹಿಡಿದ್ರು ಅಂತ ಬರೀತಾ ಬರೀತಾ ಗೊತ್ತಾಯ್ತು, ಉಡುಪು ಹಿನ್ನೆಲೇಲಿ ಕರಗಿದ್ರೆ ಕಣ್ಣು ಸೀದಾ ಕಾಲಿಗೇ ಹೋಗತ್ತೆ, ಮಾರ್ಬೇಕಾಗಿದ್ದೂ ಅದೇ ತಾನೆ!

ಮುಗಿದ್ಮೇಲೆ ಯಾರಿಗಾದ್ರೂ ತೋರ್ಸಿ "ಮೊಣಕೈ ಎಲ್ಲಿದೆ, ಬೆರಳಿಟ್ಟು ತೋರ್ಸು" ಅಂತ ಕೇಳಿ, ತಡವರಿಸಿದ್ರೆ ಅಲ್ಲಿ ಇನ್ನೊಂದು ಮಡಿಕೆ ಹಾಕಿ. ಇನ್ನು ಸ್ಕ್ಯಾನ್ ಮಾಡುವಾಗ ಆಟೋ ಕಾಂಟ್ರಾಸ್ಟ್ ಆಫ್ ಮಾಡ್ಕೊಳಿ, ಇಲ್ಲಾಂದ್ರೆ ಬ್ರಷ್ ಗೀರುಗಳೆಲ್ಲಾ ಎದ್ದು ಕಂಡು ಇಷ್ಟು ಕಷ್ಟಪಟ್ಟು ಮುಚ್ಚಿದ ಅಂಚನ್ನ ಅದೇ ತೋರಿಸ್ಬಿಡತ್ತೆ.